ಹೊಸ ಹೇಂಟೆಯನ್ನು ಹಳೆಯವು ಕುಕ್ಕಿ ರಕ್ತ ಬರಿಸುತ್ತಿವೆ, ಏನು ಮಾಡಲಿ?

ಪ್ರಶ್ನೆ (ರಾಣೆಬೆನ್ನೂರು ತಾಲ್ಲೂಕು): ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮ ಹಿತ್ತಲಿನಲ್ಲಿ ಆರು ಜವಾರಿ ಹೇಂಟೆಗಳಿವೆ. ಹೋದ ವಾರ ಸಂತೆಯಿಂದ ಒಂದು ಗಿರಿರಾಜ ತಳಿಯ ಹೇಂಟೆ ತಂದು ಅವುಗಳ ಜೊತೆ ಬಿಟ್ಟೆವು. ಅಂದಿನಿಂದ ಕೆಂಪು ಹೇಂಟೆಯೊಂದು ಅದನ್ನು ಕಾಳಿನ ಹತ್ತಿರಕ್ಕೂ ಬಿಡುತ್ತಿಲ್ಲ. ಪಾಪ, ನೀರಿನ ತೊಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮುಖ ತೂರಿಸಿಕೊಂಡು ನಿಂತಿರುತ್ತದೆ. ಬಾಲದ ಬುಡದ ಗರಿ ಕಿತ್ತುಹೋಗಿ ನಿನ್ನೆಯಿಂದ ರಕ್ತ ಕಾಣಿಸುತ್ತಿದೆ. ಅತ್ತೆಯವರು "ತಾವೇ ಹೊಂದಿಕೊಳ್ಳುತ್ತವೆ, ಬಿಡು" ಎನ್ನುತ್ತಾರೆ. ಮೇವೆಂದು ದಿನಕ್ಕೆ ಎರಡು ಸಲ ಗೋವಿನಜೋಳದ ನುಚ್ಚು ಹಾಕುತ್ತೇವೆ.

ಉತ್ತರ (ಪಶುವೈದ್ಯೆ, ಧಾರವಾಡ): ಅಕ್ಕನವರೇ, ಅತ್ತೆಯವರ ಮಾತು ರಕ್ತ ಬರುವವರೆಗೆ ಸರಿ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಕ್ರಮವಿರುತ್ತದೆ. ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡೆರುಪ್-ಎಬ್ಬೆ ಎಂಬವರು 1920ರ ದಶಕದ ಆರಂಭದಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹೊಸದೊಂದು ಬಂದಾಗ ಆ ಕ್ರಮ ಕದಡುತ್ತದೆ. ಓಡಿಸುವುದು, ತಲೆಗೆ ಒಂದೆರಡು ಏಟು ಕೊಡುವುದು ಸಹಜ. ಒಂದೆರಡು ವಾರದಲ್ಲಿ ತಣ್ಣಗಾಗುತ್ತದೆ. ಆದರೆ ರಕ್ತ ಕಂಡ ಮೇಲೆ ಅದು ಹಿರಿತನದ ಜಗಳವಾಗಿ ಉಳಿಯುವುದಿಲ್ಲ. ಕೆಂಪು ಬಣ್ಣ ಕಂಡರೆ ಉಳಿದವೂ ಬಂದು ಕುಕ್ಕುತ್ತವೆ, ಕೆಲವೊಮ್ಮೆ ಸಾಯುವವರೆಗೆ. ಆದ್ದರಿಂದ ಇವತ್ತೇ ಗಾಯಗೊಂಡಿರುವುದನ್ನು ಬೇರೆ ಮಾಡಿ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಗಾಯ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಸುತ್ತಲಿನ ಚರ್ಮಕ್ಕೆ ಬೇವಿನ ಎಣ್ಣೆ ಸವರಿದರೆ ನೊಣ ಕೂರುವುದು ಕಡಿಮೆಯಾಗುತ್ತದೆ. ಗಾಯದಲ್ಲಿ ಹುಳ ಕಂಡರೆ ಮಾತ್ರ ಮನೆಮದ್ದು ಸಾಲದು, ಪಶು ಆಸ್ಪತ್ರೆಗೆ ತನ್ನಿ.

ಬೇರೆ ಇಡುವುದೆಂದರೆ ಕಣ್ಮರೆ ಮಾಡುವುದಲ್ಲ. ಗೂಡಿನ ಪಕ್ಕದಲ್ಲೇ ತಂತಿ ಜಾಲರಿಯ ಆಚೆ ಇಡಿ. ಒಂದನ್ನೊಂದು ನೋಡಬೇಕು, ಮುಟ್ಟಬಾರದು. ಪೂರ್ತಿ ಮರೆಯಾಗಿಟ್ಟು ಆಮೇಲೆ ತಂದು ಬಿಟ್ಟರೆ ಅದು ಮತ್ತೆ ಹೊಸಬಳೇ. ಗಾಯ ಮಾಗಿದ ಮೇಲೆ ಕತ್ತಲಾದಾಗ ಕೂರುವ ಕೋಲಿನ ಮೇಲೆ ಉಳಿದವುಗಳ ನಡುವೆ ಕೂರಿಸಿ. ಬೆಳಿಗ್ಗೆ ಬಿಡುವ ಹೊತ್ತಿಗೆ ನೀವೇ ಅಲ್ಲಿರಿ.

ಮೇವಿನ ವಿಷಯ ಇನ್ನೂ ಮುಖ್ಯ. ಗೋವಿನಜೋಳದಲ್ಲಿ ಪ್ರೋಟೀನ್ ಸುಮಾರು ಶೇ 9 ಮಾತ್ರ. ಮೊಟ್ಟೆ ಇಡುವ ಹೇಂಟೆಗೆ ಶೇ 16ರಷ್ಟಾದರೂ ಬೇಕು. ಆ ಕೊರತೆಯಲ್ಲಿ ಕೋಳಿ ಪಕ್ಕದ ಕೋಳಿಯ ಗರಿಯನ್ನೇ ಕಿತ್ತು ತಿನ್ನಲು ಶುರು ಮಾಡುತ್ತದೆ. ನಾಲ್ಕು ಪಾಲು ನುಚ್ಚಿಗೆ ಒಂದು ಪಾಲು ಶೇಂಗಾ ಹಿಂಡಿ ಬೆರೆಸಿ, ಕಿಲೋಗೆ 3 ಗ್ರಾಂ ಉಪ್ಪು ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಬೂಸ್ಟು ಹಿಡಿದ ಹಿಂಡಿಯನ್ನು ದಯವಿಟ್ಟು ಹಾಕಬೇಡಿ, ಅದರ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ನುಚ್ಚನ್ನು ಒಂದೇ ಕಡೆ ಸುರಿಯದೆ ದೂರದೂರಕ್ಕೆ ಮೂರು ತಟ್ಟೆಗಳಲ್ಲಿ ಇಡಿ. ಒಂದು ಕೆಂಪು ಹೇಂಟೆ ಮೂರು ತಟ್ಟೆ ಕಾಯಲಾರದು.

ಪ್ರಶ್ನೆ (ಅದೇ ಸದಸ್ಯೆ): ಜಾಲರಿಯ ಆಚೆ ಇಟ್ಟಿದ್ದೇನೆ ಮೇಡಂ. ಒಟ್ಟಿಗೆ ಬಿಟ್ಟ ಮೇಲೆ ಅದು ತಿನ್ನುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಸಂಜೆ ಗೂಡಿಗೆ ಹೋದ ಮೇಲೆ ಮೆಲ್ಲಗೆ ಎತ್ತಿಕೊಂಡು ಕತ್ತಿನ ಬುಡದಲ್ಲಿ, ಎದೆಯ ಬಲಭಾಗಕ್ಕೆ ಬೆರಳಿಟ್ಟು ನೋಡಿ. ಅಲ್ಲಿ ಕಾಳಿನ ಚೀಲವಿದೆ. ಹೊಟ್ಟೆ ತುಂಬ ತಿಂದಿದ್ದರೆ ನಿಂಬೆಹಣ್ಣಿನಷ್ಟು ಉಬ್ಬಿ, ಒಳಗಿನ ಕಾಳು ಬೆರಳಿಗೆ ತಾಗುತ್ತದೆ. ಚಪ್ಪಟೆಯಾಗಿದ್ದರೆ ದಿನವಿಡೀ ಉಪವಾಸವಿದೆ ಎಂದು ತಿಳಿಯಿರಿ. ದೂರದಿಂದ ನೋಡಿದರೆ ಎಲ್ಲವೂ ತಿನ್ನುವಂತೆಯೇ ಕಾಣುತ್ತವೆ, ಕೈಯಿಟ್ಟು ನೋಡುವುದೇ ಸರಿ.

ಪ್ರಶ್ನೆ (ಗದಗ): ನಮ್ಮ ಕೋಳಿಗಳ ಜುಟ್ಟಿನ ಮೇಲೆ ಕಪ್ಪು ಹಕ್ಕಳೆಗಳಿವೆ. ಇದೂ ಕುಕ್ಕಾಟವೇ? ಪರಿಚಯದವರು ಕೊಕ್ಕಿನ ತುದಿ ಕತ್ತರಿಸಿ ಎನ್ನುತ್ತಿದ್ದಾರೆ.

ಉತ್ತರ: ಸರ್, ಮೊದಲು ಕಣ್ಣಿನ ರೆಪ್ಪೆ, ಬಾಯಿಯ ಅಂಚು ನೋಡಿ. ಅಲ್ಲಿಯೂ ಗಂಟು, ಹಕ್ಕಳೆ ಇದ್ದು, ಹಲವು ಕೋಳಿಗಳಲ್ಲಿ ಒಂದೇ ಸಲ ಬಂದಿದ್ದರೆ ಅದು ಬಹುಮಟ್ಟಿಗೆ ಕೋಳಿ ಸಿಡುಬು. ಸೊಳ್ಳೆಯಿಂದ ಹರಡುತ್ತದೆ, ಲಸಿಕೆ ಇದೆ. ರೋಗದ ಕೋಳಿಗಳನ್ನು ಬೇರ್ಪಡಿಸಿ, ಫೋಟೊ ನೋಡಿ ನಿರ್ಧರಿಸದೆ ಹತ್ತಿರದ ಪಶುವೈದ್ಯರಿಗೆ ತೋರಿಸಿ. ನಿಮ್ಮೂರಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಕೊಕ್ಕು ಕತ್ತರಿಸುವ ಮಾತಂತೂ ಬೇಡ. ಕೊಕ್ಕಿನೊಳಗೆ ನರ, ರಕ್ತನಾಳ ಎರಡೂ ಇವೆ. ಮನೆಯಲ್ಲಿ ಕತ್ತರಿಯಿಂದ ಕೊಯ್ದರೆ ರಕ್ತ ನಿಲ್ಲುವುದಿಲ್ಲ, ನೋವಿಗೆ ಕೋಳಿ ಮೇವು ಬಿಡುತ್ತದೆ. ಹಿತ್ತಲಿನ ಐದಾರು ಕೋಳಿಗೆ ಜಾಗ, ಮೇವು ಸರಿಪಡಿಸಿದರೆ ಅದರ ಅಗತ್ಯವೇ ಬೀಳುವುದಿಲ್ಲ. ಗೂಡಿನೊಳಗೆ ಕೋಳಿಗೆ 3ರಿಂದ 4 ಚದರ ಅಡಿ ಜಾಗವಿದೆಯೇ ಎಂದು ಅಳೆದು ನೋಡಿ.

ಪ್ರಶ್ನೆ (ರಾಣೆಬೆನ್ನೂರಿನ ಸದಸ್ಯೆ): ಒಟ್ಟಿಗೆ ಬಿಟ್ಟೆ ಮೇಡಂ. ಉಳಿದವು ಸುಮ್ಮನಿವೆ, ಕೆಂಪು ಹೇಂಟೆ ಮಾತ್ರ ಇನ್ನೂ ಬೆನ್ನಟ್ಟುತ್ತಿದೆ.

ಉತ್ತರ: ಹಾಗಿದ್ದರೆ ಈ ಸಲ ಹೊರಗೆ ಹೋಗಬೇಕಾದದ್ದು ಕೆಂಪು ಹೇಂಟೆ. ಮೂರು ನಾಲ್ಕು ದಿನ ಉಳಿದವುಗಳ ಕಣ್ಣಿಗೆ ಬೀಳದಂತೆ ಬೇರೆ ಕಡೆ ಇಡಿ. ಅಷ್ಟರಲ್ಲಿ ಗಿರಿರಾಜ ತನ್ನ ಜಾಗ ಹಿಡಿದುಕೊಳ್ಳುತ್ತದೆ, ತಿರುಗಿ ಬಂದ ಕೆಂಪಿಗೆ ಹಳೆಯ ಗತ್ತು ಇರುವುದಿಲ್ಲ. ಬುಟ್ಟಿ ಕವುಚಿ ಬಿಸಿಲಿನಲ್ಲಿ ಇಡಬೇಡಿ. ನೆರಳು, ನೀರು, ಹಿಂಡಿ ಬೆರೆಸಿದ ಮೇವು ಎಲ್ಲವೂ ಅದಕ್ಕೂ ಸಿಗಬೇಕು. ಆ ದಿನಗಳಲ್ಲಿ ಮೊಟ್ಟೆ ನಿಲ್ಲಿಸಿದರೆ ಗಾಬರಿಯಾಗಬೇಡಿ, ಮತ್ತೆ ಶುರು ಮಾಡುತ್ತದೆ.