ಅಪ್‌ಡೇಟ್: ಕಾರು ನಿಲ್ಲಿಸುವ ಜಾಗಕ್ಕೆ ಹೆರಿಂಗ್‌ಬೋನ್ (ಮೀನಿನ ಮುಳ್ಳಿನಂಥ ಅಂಕುಡೊಂಕು) ವಿನ್ಯಾಸದಲ್ಲಿ ಬ್ಲಾಕ್ ಹಾಕಿಸಿದೆವು

ಕಾರಿನ ಚಕ್ರ ತಿರುಗುವ ಕಡೆ ಪೇವರ್ ಬ್ಲಾಕ್‌ಗಳು ಜರುಗುತ್ತಿವೆ, ಏನು ಮಾಡಲಿ ಎಂದು ಮಳೆಗಾಲಕ್ಕೆ ಮುಂಚೆ ಕೇಳಿದ್ದೆ. ನೀವು ಹೇಳಿದಂತೆ ಎಲ್ಲ ಕಿತ್ತು ನೋಡಿದರೆ ಕೆಳಗೆ ಜಲ್ಲಿಯೇ ಇಲ್ಲ, ಬರೀ ಮಣ್ಣಿನ ಮೇಲೆ ಮರಳು! ಬ್ಲಾಕ್ ಹೊರಗೆ ಜರುಗದಂತೆ ಅಂಚಿನಲ್ಲಿ ತಡೆಯುವ ಕರ್ಬ್ ಕಲ್ಲೂ ಇರಲಿಲ್ಲ.

ಈ ಸಲ ಜಲ್ಲಿ ಹಾಸಿ ದಮ್ಮಸ್ಸು ಮಾಡಿ, ಅಂಚು ಕಟ್ಟಿ, ಮೇಲೆ 30 ಮಿ.ಮೀ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಹರಡಿಸಿದೆ. ಬ್ಲಾಕ್ 80 ಮಿ.ಮೀ. ದಪ್ಪದ್ದು. ಹೆರಿಂಗ್‌ಬೋನ್ ವಿನ್ಯಾಸವನ್ನು 45 ಡಿಗ್ರಿ ಓರೆಗೆ ಜೋಡಿಸಿದ್ದರಿಂದ ಅಂಚಿನ ತುಂಡು ಕತ್ತರಿಸುವುದಕ್ಕೇ ಒಂದು ದಿನ ಹಿಡಿಯಿತು. ಮೇಸ್ತ್ರಿ ಮೂರು ಸಾಲಿಗೊಮ್ಮೆ ದಾರ ಹಿಡಿದು ನೋಡುತ್ತಿದ್ದರು. ಆ ತಾಳ್ಮೆ ಕಂಡು ತುಂಬಾ ಖುಷಿಯಾಯಿತು.

ಸಂದಿಗೆ ಒಣ ಮರಳು ತುಂಬಿ ಕಂಪ್ಯಾಕ್ಟರ್ (ಅದುರಿಸಿ ಗಟ್ಟಿ ಮಾಡುವ ಯಂತ್ರ) ಓಡಿಸಿದ ಮೇಲೆ ಒಂದು ಬ್ಲಾಕೂ ಅಲ್ಲಾಡಿಲ್ಲ. ಎರಡು ದೊಡ್ಡ ಮಳೆ ಬಂದರೂ ನೀರು ನಿಂತಿಲ್ಲ. ಗೇಟಿನ ಬಳಿ ಮಾತ್ರ ಸಂದಿಯ ಮರಳು ಸ್ವಲ್ಪ ಇಳಿದಿದೆ, ಭಾನುವಾರ ಮತ್ತೆ ತುಂಬುತ್ತೇನೆ.