ಸಹಾಯ ಬೇಕು: ಇದು ಆಲಿವೀನ್ ಖನಿಜದ ಒಳಗಿನ ನೀರಾ, ಧಾರವಾಡದ ಮಳೆಯ ತೇವಾನಾ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್.

ಭೂಮಿಯೊಳಗೆ, ಭಾರೀ ಒತ್ತಡದಲ್ಲಿ ಖನಿಜಗಳು ನೀರನ್ನು ಹೇಗೆ ಹಿಡಿದುಕೊಳ್ಳುತ್ತವೆ ಅನ್ನೋದು ವಿಷಯ. ನೀರು ಅಂದರೆ ಕೊಡದ ನೀರಲ್ಲ. ಹೈಡ್ರೋಜನ್ ಹರಳಿನ ಒಳಗೆ ಹೊಕ್ಕು ಅಲ್ಲಿನ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತದೆ. ಒಂದು ಮೆಗ್ನೀಸಿಯಂ ಜಾಗ ಖಾಲಿಯಾದರೆ ಎರಡು ಹೈಡ್ರೋಜನ್, ಸಿಲಿಕಾನ್ ಜಾಗ ಖಾಲಿಯಾದರೆ ನಾಲ್ಕು. ಬ್ರೆಜಿಲ್‌ನ ವಜ್ರವೊಂದರಲ್ಲಿ ಸಿಕ್ಕ ರಿಂಗ್‌ವುಡೈಟ್ (ಭಾರೀ ಒತ್ತಡದಲ್ಲಿ ಆಲಿವೀನ್ ತಾಳುವ ರೂಪ) ಚೂರಿನಲ್ಲಿ ತೂಕದ ಸುಮಾರು ಶೇ. 1.5 ನೀರಿದೆ ಅಂತ 2014ರಲ್ಲಿ ವರದಿಯಾಗಿತ್ತು. ಇಲ್ಲಿವರೆಗೆ ತಿಳಿದಿದೆ.

ತೊಡಕು ನಮ್ಮ ಆಲಿವೀನ್ ತುಣುಕಿನದು. ತುಣುಕು ಎಷ್ಟು ಇನ್‌ಫ್ರಾರೆಡ್ ಬೆಳಕು ಹೀರಿತು ಅಂತ ತೋರಿಸುವ ಗ್ರಾಫ್‌ನಲ್ಲಿ 3400 cm⁻¹ ಹತ್ತಿರ ಅಗಲವಾದ ದಿಬ್ಬ ಬಂದಿದೆ, ಹರಳಿನೊಳಗಿನ ಹೈಡ್ರೋಜನ್ ಆಗಿದ್ದರೆ ಬರಬೇಕಾದ ಚೂಪಾದ ಗೆರೆ ಒಂದೂ ಇಲ್ಲ. 2900ರ ಬಳಿ ಸಣ್ಣದೊಂದಿದೆ, ಅದು ಪಾಲಿಶ್ ಮಾಡುವಾಗ ಹಚ್ಚಿದ ಅಂಟಿನದು ಅನಿಸುತ್ತದೆ. ಆದರೆ ಆ ದಿಬ್ಬ? ಬಿರುಕಿನಲ್ಲಿ ಕೂತ ತೇವವೇ? ಈ ಜಿಟಿಜಿಟಿ ಮಳೆಗೆ ಲ್ಯಾಬಿನ ಗೋಡೆಯೂ ಬೆವರುತ್ತಿದೆ!

ಅಸಿಟೋನ್‌ನಲ್ಲಿ ತೊಳೆದು, 110 ಡಿಗ್ರಿ ಓವನ್‌ನಲ್ಲಿ ಒಂದು ರಾತ್ರಿ ಇಟ್ಟರೆ ಸಾಕಾ? ಜಾಸ್ತಿ ಕಾಯಿಸಿದರೆ ಒಳಗಿನ ಹೈಡ್ರೋಜನ್ನೇ ಹೊರಟುಹೋಗುತ್ತದೆ, ಅಲ್ವಾ?

ಹುಬ್ಬಳ್ಳಿ-ಧಾರವಾಡದಲ್ಲಿ ಈ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಗಿರ್ಮಿಟ್, ಚಹಾ ನನ್ನ ಲೆಕ್ಕ.