ಮೇಷ್ಟ್ರು ಬಂದರು ಜೈಂಟ್ಸ್ ತಂಡಕ್ಕೆ

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡಕ್ಕೆ ಟೋನಿ ವಿಟೆಲ್ಲೊ ಹೊಸ ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ಮುಖ್ಯ ಕೋಚ್‌ಗೆ ಹಾಗೆನ್ನುತ್ತಾರೆ) ಅಂತ 2025ರ ಅಕ್ಟೋಬರ್‌ನಲ್ಲಿ ಸುದ್ದಿ ಬಂದದ್ದೇ ತಡ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಶನಿವಾರದ ಗುಂಪು ಎರಡು ಪಾಲಾಯಿತು.

"ಟೆನೆಸಿ ವಿಶ್ವವಿದ್ಯಾಲಯದ ಕೋಚ್ ಅಂತೆ ಕಣೋ," ಅಂದ ಮೈಸೂರು. (ನಾವು ಒಬ್ಬರನ್ನೊಬ್ಬರು ಕರೆಯೋದೇ ಊರಿನ ಹೆಸರಲ್ಲಿ.) "ವೃತ್ತಿಪರ ಬೇಸ್‌ಬಾಲ್ ಒಂದು ದಿನವೂ ಆಡಿಲ್ಲ. ಅಲ್ಲಿ ಕೋಚ್ ಕೂಡ ಆಗಿಲ್ಲ. ಸೀದಾ ಕಾಲೇಜಿಂದ ತಂದು ಕೂರಿಸಿದ್ದಾರೆ. ಹೀಗೆ ಯಾರೂ ಮಾಡಿರಲಿಲ್ಲ!"

"2024ರಾಗ ಆ ಕಾಲೇಜನ್ನ ಚಾಂಪಿಯನ್ ಮಾಡ್ಯಾನಲ್ಲೋ," ಅಂದ ಹುಬ್ಬಳ್ಳಿ.

ಹುಬ್ಬಳ್ಳಿಯ ಮಾವನವರು ದಾವಣಗೆರೆಯಲ್ಲಿ ಪಿಯು ಕಾಲೇಜಿನ ಮೇಷ್ಟ್ರಾಗಿದ್ದವರು. ಮಗಳ ಮನೆಗೆ ಬಂದು ಆರಾಮಾಗಿ ಚುರುಮುರಿ ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟರು.

"ಮೇಷ್ಟ್ರನ್ನ ತಂದರೆ ತಪ್ಪೇನ್ರೀ?"

ಮೈಸೂರು ಮೆತ್ತಗಾದ. "ಹಾಗಲ್ಲ ಸಾರ್. ಇದು 1883ರಲ್ಲಿ ನ್ಯೂಯಾರ್ಕಲ್ಲಿ ಹುಟ್ಟಿದ ತಂಡ. 1958ರಲ್ಲಿ ಇಲ್ಲಿಗೆ ಬಂತು. ಜಾನ್ ಮೆಗ್ರಾ ಅನ್ನೋರು 1902ರಿಂದ 1932ರವರೆಗೆ ಒಬ್ಬರೇ ಮ್ಯಾನೇಜರ್."

"ಮೂವತ್ತು ವರ್ಷ! ವರ್ಗಾವಣೆನೇ ಇಲ್ವಾ?"

"ಈಗ ಕಾಲ ಬದಲಾಗಿದೆ ಸಾರ್. ಬ್ರೂಸ್ ಬೋಚಿ 2010, 2012, 2014, ಮೂರು ಸಲ ವರ್ಲ್ಡ್ ಸೀರೀಸ್, ಅಂದ್ರೆ ವರ್ಷದ ಫೈನಲ್, ಗೆಲ್ಲಿಸಿದರು. ಅವರು ಹೋದ ಮೇಲೆ ಗೇಬ್ ಕ್ಯಾಪ್ಲರ್ ಬಂದರು. 2021ರಲ್ಲಿ 107 ಪಂದ್ಯ ಗೆದ್ದರೂ ಎರಡು ವರ್ಷಕ್ಕೆ ಮನೆಗೆ ಕಳಿಸಿದರು. ಆಮೇಲೆ ಬಾಬ್ ಮೆಲ್ವಿನ್. ಈ ವರ್ಷ 81 ಗೆಲುವು, 81 ಸೋಲು."

"ಸಮ ಆಯ್ತಲ್ಲ. ಪಾಸ್ ಅಲ್ವಾ?"

"ಇಲ್ಲ ಸಾರ್, ಮೆಲ್ವಿನ್‌ಗೂ ಗೇಟ್ ಪಾಸ್."

ಮೇಷ್ಟ್ರಿಗೆ ಇನ್ನೊಂದು ಅನುಮಾನ. "ಅಲ್ಲಾ, ವಯಸ್ಸಾದವರೂ ಹೊಟ್ಟೆ ಬಿಟ್ಕೊಂಡು ಆಟಗಾರರ ಬಟ್ಟೆನೇ ಹಾಕಿರ್ತಾರಲ್ಲ, ಇಳಿದು ಆಡ್ತಾರೋ?"

ಆಡೋದಿಲ್ಲ. ಪದ್ಧತಿ, ಅಷ್ಟೇ. ಮೆಗ್ರಾ ಕಾಲದಲ್ಲೇ ಫಿಲಡೆಲ್ಫಿಯಾ ತಂಡದ ಕಾನಿ ಮ್ಯಾಕ್ ಮಾತ್ರ ಸೂಟು ಹಾಕಿ, ಸ್ಕೋರ್ ಬರೆಯೋ ಕಾಗದ ಬೀಸುತ್ತಾ ಅರ್ಧ ಶತಮಾನ ತಂಡ ನಡೆಸಿದರು. ನನಗೇನೋ ಅದೇ ಮರ್ಯಾದೆ ಅನಿಸುತ್ತದೆ.

"ಹಂಗಾರ ಮ್ಯಾನೇಜರ್ ಕೆಲಸ ಏನು ಅಂತ ಮಾವಾರಿಗೆ ತೋರಿಸ್ರೋ," ಅಂತ ಹುಬ್ಬಳ್ಳಿ ಫೋನಲ್ಲಿ ಒಂದು ಹಳೇ ಪಂದ್ಯ ಹಾಕಿದ. ಪಿಚ್ಚರ್, ಅಂದರೆ ಚೆಂಡು ಎಸೆಯೋನು, ಹೊಡೆಸಿಕೊಳ್ತಾ ಇದ್ದಾನೆ. ಮ್ಯಾನೇಜರ್ ಮೆಟ್ಟಿಲು ಹತ್ತಿ ಮೆಲ್ಲಗೆ ನಡೆದು ಬರುತ್ತಾರೆ. ಹೋಗುವಾಗಲೇ ಬಲಗೈ ತಟ್ಟಿ ತೋರಿಸುತ್ತಾರೆ. ಬಲಗೈಯಲ್ಲಿ ಎಸೆಯೋ ಇನ್ನೊಬ್ಬ ಪಿಚ್ಚರನ್ನ ಕಳಿಸಿ ಅಂತ ಆಚೆ ಕಾಯುತ್ತಿರುವವರಿಗೆ ಅದು ಸನ್ನೆ. ಸುತ್ತ ನಿಂತ ಹುಡುಗರು ಗ್ಲೌಸಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟುತ್ತಾರೆ. ಮ್ಯಾನೇಜರ್ ಅಂಗೈ ಚಾಚುತ್ತಾರೆ. ಕೋಟಿಗಟ್ಟಲೆ ಸಂಬಳದ ಪಿಚ್ಚರ್ ತುಟಿಪಿಟಕ್ಕೆನ್ನದೆ ಚೆಂಡನ್ನ ಅಂಗೈ ಮೇಲಿಟ್ಟು ಹೊರಡುತ್ತಾನೆ.

"ಕಾಪಿ ಚೀಟಿ ಇಸ್ಕೊಂಡ ಹಾಗಿದೆ!" ಮೇಷ್ಟ್ರು ಖುಷಿಯಾದರು. "ಇದಕ್ಕೆ ನಮ್ಮಂಥವರೇ ಸರಿ."

"ಕಾಲೇಜ್ ಹುಡುಗರು ಕೊಡ್ತಾರೆ ಸಾರ್," ಅಂದ ಮೈಸೂರು. "ಇಲ್ಲಿ ರಫಾಯೆಲ್ ಡೆವರ್ಸ್ ಇದ್ದಾನೆ. ಬಾಸ್ಟನ್‌ನಲ್ಲಿದ್ದಾಗ ಫಸ್ಟ್ ಬೇಸ್‌ನಲ್ಲಿ ಫೀಲ್ಡಿಂಗ್‌ಗೆ ನಿಲ್ಲಪ್ಪ ಅಂದರೆ ಆಗಲ್ಲ ಅಂದವನು."

"ಇಲ್ಲಿ ಬಂದ ಮ್ಯಾಲೆ ನಿಂತಾನಲ್ಲೋ."

"ವಿಟೆಲ್ಲೊ ಮೇಷ್ಟ್ರು ಬರೋಕೆ ಮುಂಚೆ!"

ವಿಟೆಲ್ಲೊ ಬಿಸಿರಕ್ತದ ಮನುಷ್ಯ ಅನ್ನೋದನ್ನೂ ನಾನೇ ಹೇಳಿದೆ. 2022ರಲ್ಲಿ ಅಂಪೈರ್‌ಗೆ ಎದೆಯಿಂದ ಗುದ್ದಿ ನಾಲ್ಕು ಪಂದ್ಯ ಹೊರಗಿದ್ದವರು. ಅದೇನು ದೊಡ್ಡ ವಿಷಯವಲ್ಲ ಬಿಡಿ. ಅಟ್ಲಾಂಟಾದ ಮ್ಯಾನೇಜರ್ ಆಗಿದ್ದ ಬಾಬಿ ಕಾಕ್ಸ್ 150ಕ್ಕೂ ಹೆಚ್ಚು ಸಲ ಅಂಪೈರ್ ಜೊತೆ ಜಗಳವಾಡಿ ಹೊರಗೆ ಹಾಕಿಸಿಕೊಂಡಿದ್ದಾರೆ.

"ಹೊರಗೆ ಅಂದ್ರೆ ಎಲ್ಲಿಗೆ?"

"ಒಳಗೆ ರೂಮಿಗೆ ಸಾರ್. ಅಲ್ಲೇ ಕೂತಿರಬೇಕು."

"ಟಿವಿ ಇರುತ್ತಾ?"

"ಇರುತ್ತೆ."

"ಸಂಬಳ?"

"ಅದೂ ಬರುತ್ತೆ ಸಾರ್."

ಮೇಷ್ಟ್ರು ತಟ್ಟೆ ಮತ್ತೆ ಕೈಗೆತ್ತಿಕೊಂಡರು. "ವರ್ಷಕ್ಕೆ 162 ಪಂದ್ಯ ಅಂತೀರಿ. ನಾನಾಗಿದ್ರೆ ದಿನಾ ಟಾಸ್ ಆಗುವಾಗಲೇ ಬೈದು ಬಂದುಬಿಡ್ತಿದ್ದೆ."

ಬೇಸ್‌ಬಾಲ್‌ನಲ್ಲಿ ಟಾಸ್ ಇಲ್ಲ ಅಂತ ಹೇಳೋ ಧೈರ್ಯ ಮೈಸೂರಿಗೂ ಬರಲಿಲ್ಲ.